ಮಟನ್ ಅಂಗಡಿಯಲ್ಲಿ ಮೆದುಳಿನ ಪಾಠ

ನಾನು ಹುಲಿಕುಂಟೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ನಿಜವಾದ ಮೆದುಳು ತೋರಿಸ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದೆ. ನಮ್ಮದು ಲಿಂಗಾಯತರ ಮನೆ, ಮಟನ್ ಅಂಗಡಿಯ ಮೆಟ್ಟಿಲು ಹತ್ತಿದವಳೇ ಅಲ್ಲ. ಬೆಳಿಗ್ಗೆ ಬಸ್ಸಿಗೆ ಮುಂಚೆ ಡಬ್ಬಿ ಹಿಡಿದು ಶಿರಾದ ಒಂದು ಅಂಗಡಿಯ ಸಾಲಲ್ಲಿ ನಿಂತೆ.

"ಒಂದು ಕುರಿ ಮೆದುಳು ಕೊಡಿ," ಅಂದೆ, ದನಿ ತಗ್ಗಿಸಿ.

"ಭೇಜಾನಾ? ಫ್ರೈಗೋ, ಸಾರಿಗೋ ಮೇಡಂ?" ಅಂದರು ಅಂಗಡಿಯ ಸಾಬರು.

"ಪಾಠಕ್ಕೆ."

ಸಾಬರ ಕತ್ತಿ ನಿಂತಿತು. ಆಮೇಲೆ ಮೆದುಳಿನ ಒಂದು ಮಡಿಕೆಯೂ ಹರಿಯದ ಹಾಗೆ ಜೋಪಾನವಾಗಿ ತೆಗೆದಿಟ್ಟರು. "ಇಷ್ಟು ವರ್ಷ ಕುಯ್ದಿದೀನಿ, ಇದರೊಳಗೆ ಏನೈತೆ ಅಂತ ಯಾರೂ ಹೇಳಿಲ್ಲ. ನೀವು ಹೇಳಿ," ಅಂದರು.

ಮುಜುಗರ ಮರೆತು ಶುರು ಮಾಡಿದೆ. ಹಿಂದಿರೋ ಈ ಚಿಕ್ಕ ಗಡ್ಡೆಯಿಂದಲೇ ಕುರಿ ಮುಗ್ಗರಿಸದೆ ಓಡೋದು ಅಂದೆ. ಮೇಲಿನ ಮಡಿಕೆಗಳು ನೋಡಿದ್ದನ್ನ ನೆನಪಿಡುತ್ತವೆ, ಸಾಕಿದವರ ಮುಖಾನೂ ಅಂದೆ.

ಭೇಜಾಕ್ಕೇ ಕಾದಿದ್ದ ರೈತರೊಬ್ಬರು, "ಮುಖಾನೂ ಗೊತ್ತಾಯ್ತದಾ ಅದಕ್ಕೆ?" ಅಂದರು.

"ಹೂಂ, ಗೊತ್ತಾಗುತ್ತೆ."

ಅವರು ಆ ಮೆದುಳನ್ನ ಒಮ್ಮೆ ಬಗ್ಗಿ ನೋಡಿ, "ಸಾಬ್ರೇ, ನಂಗೆ ಭೇಜಾ ಬ್ಯಾಡ ಬುಡಿ, ಕಾಲು ಕೊಡಿ," ಅಂದರು.

ಸಾಲಿಗೆ ಸಾಲೇ ನಕ್ಕಿತು. ಸಾಬರೂ ನಗುತ್ತಲೇ ಡಬ್ಬಿ ಕೊಟ್ಟು, "ಮುಂದಿನ ಪಾಠ ಸ್ಕೂಲಲ್ಲೇ ಮಾಡಿ ಮೇಡಂ," ಅಂದರು.

ನನ್ನ ಪಾಠ ಕೇಳಿ ಒಬ್ಬರು ಮನಸ್ಸು ಬದಲಾಯಿಸಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು.