ಹವಾಲ್ದಾರರನ್ನು ನಿಲ್ಲಿಸಿದ್ದು ನಾನೇ

ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ, ಬಂಡೆಯ ಮರೆಯಿಂದ ನಾನು ಫೌಜಿನ ಮೇಜರ್ ಸಾಹೇಬನ ಗತ್ತಿನಲ್ಲಿ ‘ಥಮ್’ ಎಂದು ಗುಡುಗಿದೆ. ಎಲ್ಲರಿಗಿಂತ ಮುಂದೆ ಓಡಿಬರುತ್ತಿದ್ದ, ಕಾರ್ಗಿಲ್ ಕಂಡು ಬಂದ ಹವಾಲ್ದಾರ ಖಾದರಸಾಬರು ಹಿಮ್ಮಡಿ ಜೋಡಿಸಿ ಅಲ್ಲೇ ನಿಂತುಬಿಟ್ಟರು.

ಮಾಜಿ ಸೈನಿಕರಿಗೂ ಊರಿನ ಶಾಲೆಗೂ ನೆರವಾಗಲೆಂದು ಏರ್ಪಡಿಸಿದ್ದ ಓಟ ಅದು. ಮೊದಲು ಗುಡ್ಡ ಹತ್ತಿದವರು ತುದಿಯಲ್ಲಿ ತೂಗುಹಾಕಿದ್ದ ಶಾಲೆಯ ಹೊಸ ಗಂಟೆ ಬಾರಿಸಬೇಕು. ಆ ಶಾಲೆಯಲ್ಲೇ ಓದುವ ತಮ್ಮ ಮಗಳಿಗೆ, ತಾವೇ ಬಾರಿಸುವುದಾಗಿ ಖಾದರಸಾಬರು ಮಾತು ಕೊಟ್ಟಿದ್ದರು. ನನ್ನ ಕೆಲಸ ದಾರಿ ತೋರಿಸುವುದಷ್ಟೇ. ಆದರೆ ಕಂಡವರನ್ನೆಲ್ಲ ಅಣಕಿಸುವ ಬಾಯಿ ಸುಮ್ಮನಿರಬೇಕಲ್ಲ.

ಅಷ್ಟರಲ್ಲಿ ಜಕ್ಕಲಿಯ ಹುಡುಗನೊಬ್ಬ ಅವರನ್ನು ದಾಟಿಹೋದ. ನಾನು ಗಾಬರಿಯಾಗಿ ಹೊರಬಂದೆ.

“ಚಾಚಾ, ಚ್ಯಾಷ್ಟಿ ಮಾಡೀನ್ರಿ. ಓಡ್ರಿ ಲಗೂ.”

ಅವರು ಕದಲಲಿಲ್ಲ. “ಹಂಗಲ್ಲಪಾ. ನಿಂದ್ರಿಸಿದಾಂವನಽ ಹುಕುಂ ಕೊಟ್ಟು ಓಡಸಬೇಕು. ಫೌಜಿನ್ಯಾಗ ಅದ ಪದ್ಧತಿ.”

ನನ್ನ ಗಂಟಲಲ್ಲಿದ್ದ ಮೇಜರ್ ಸಾಹೇಬ ಆಗಲೇ ಪರಾರಿ. ಆಡಿನ ಮರಿಯಂಥ ನನ್ನ ಸ್ವಂತ ದನಿಯಲ್ಲಿ ‘ದೌಡ್ ಕೇ ಚಲ್’ ಎಂದೆ. ಅವರು ನಗುತ್ತಲೇ ಬಾಣದಂತೆ ಹೋದರು. ಆದರೂ ಜಕ್ಕಲಿಯವನೇ ಮೊದಲು ಮುಟ್ಟಿ ಗಂಟೆ ಬಾರಿಸಿದ.

ನಾನು ಏದುಸಿರು ಬಿಡುತ್ತ ಮೇಲೆ ಹೋದಾಗ ಮಗಳು ಮುಖ ಸಣ್ಣದು ಮಾಡಿಕೊಂಡು, “ಅಬ್ಬಾಜಾನ್, ಯಾಕ ಹಿಂದ ಬಿದ್ದಿ?” ಎಂದು ಕೇಳುತ್ತಿದ್ದಳು.

“ಆ ಹುಡುಗ ನನಗಿಂತ ಚಲೋ ಓಡಿದ, ಬೇಟಾ.”

ನನ್ನ ಹೆಸರೇ ಎತ್ತಲಿಲ್ಲ. ನಾನೇ ಮುಂದೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಂದು ವಾರ ನನ್ನೊಡನೆ ಮಾತು ಬಿಟ್ಟಳು.

ಊರಿನ ಎಲ್ಲರ ದನಿಯೂ ನನಗೆ ಬರುತ್ತದೆ. ಖಾದರಸಾಬರದೊಂದು ಮಾತ್ರ ಇನ್ನೂ ಹತ್ತಿಲ್ಲ. ಸೋತಾಗಲೂ ಅಷ್ಟು ತಣ್ಣಗೆ ಮಾತಾಡುವುದು ಈ ಗಂಟಲಿಗೆ ಗೊತ್ತಿಲ್ಲ.