ಕಂಡದ್ದನ್ನು ಅಳಿಸದ ಮರುಳಸಿದ್ದಮ್ಮ

ಹರಿಹರದ ದೇವಸ್ಥಾನದ ಪ್ರಾಕಾರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಆಳೆತ್ತರದ ಶಾಸನಗಲ್ಲಿನ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರುಳಸಿದ್ದಮ್ಮ ನಿಂತಿದ್ದಾರೆ. ಕಲ್ಲನ್ನು ತೊಳೆದಾಗಿದೆ. ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಗಡುಸು ಕೂದಲಿನ ಬ್ರಷ್ಷಿನಿಂದ ಹದವಾಗಿ ಬಡಿಯುತ್ತಾ ಬರುತ್ತಾರೆ. ಕಾಗದ ನಿಧಾನವಾಗಿ ಅಕ್ಷರಗಳ ಹಳ್ಳಕ್ಕೆ ಇಳಿಯುತ್ತದೆ. ಆಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ಮೇಲಿಂದ ಮೇಲೆ ಒತ್ತುತ್ತಾರೆ. ಕಪ್ಪು ನೆಲದ ಮೇಲೆ ಬೆಳ್ಳಗೆ ಒಂದೊಂದೇ ಅಕ್ಷರ ಏಳುತ್ತದೆ.

"ಬಿಸ್ಲು ಬಂತಂದ್ರೆ ಕಾಗದ ಒಣಗಿ ಕಲ್ಲು ಬಿಟ್ಟು ಎದ್ದೇಳ್ತೈತ್ರಿ. ಅದಕ್ಕೇ ಇಷ್ಟೊತ್ತಿಗೇ ಬರ್ತೀನಿ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಈ ಪಡಿಯಚ್ಚು ದಾವಣಗೆರೆಯ ಕಾಲೇಜೊಂದರ ಚರಿತ್ರೆಯ ಮೇಷ್ಟರಿಗೆ ಹೋಗಬೇಕು. ಅವರ ಸಂಶೋಧನೆಗೆ ಇದು ಇಪ್ಪತ್ಮೂರನೆಯ ಕಲ್ಲು. ಒಂದು ಸಾಲಿನ ನಡುವೆ ಚಕ್ಕೆ ಎದ್ದು ಅಕ್ಷರ ಹಾಳಾಗಿದೆ. ಹಿಂದುಮುಂದಿನ ಪದ ನೋಡಿದರೆ ಅಲ್ಲಿ 'ರ' ಇತ್ತೆಂದು ನನಗೂ ಗೊತ್ತಾಗುತ್ತದೆ. ಹಾಗೆಂದು ಹೇಳಿದೆ.

"ಇದ್ದಿರ್ಬೌದು. ಆದ್ರೆ ಈಗ ಕಲ್ಲಿನಾಗೆ ಇಲ್ವಲ್ರಿ. ಮೇಷ್ಟ್ರು ಓದ್ಕೊಳ್ಳಿ ಬೇಕಾದ್ರೆ. ನಾನು ತುಂಬಾದಿಲ್ಲ."

ಮೂವತ್ನಾಲ್ಕು ವರ್ಷದ ಈ ಹೆಣ್ಣುಮಗಳ ಹೆಸರನ್ನು ಓದುಗರು ಕೇಳಿರಲಾರರು. ದಾವಣಗೆರೆಯ ಕಾಲೇಜುಗಳಲ್ಲಿ ಕಳೆದ ಹನ್ನೊಂದು ವರ್ಷದಲ್ಲಿ ತಯಾರಾದ ಸಂಶೋಧನಾ ಪ್ರಬಂಧಗಳ ಪುಟ ತಿರುವಿದರೂ ಆ ಹೆಸರು ಸಿಗುವುದಿಲ್ಲ. ಸಿಗುವುದು ಅವರ ಕೈ ಮಾತ್ರ. ತುಂಗಭದ್ರೆಯ ತಳದ ನಕ್ಷೆ, ಮನುಷ್ಯನ ತೋಳಿನ ರಕ್ತನಾಳ, ಕಂಬದ ಮೇಲಿನ ಶಿಲ್ಪ, ಷಟ್‌ಸ್ಥಲದ ಮಂಡಲ, ಎಲ್ಲವೂ ಬಂದಿರುವುದು ಹರಿಹರದ ಒಂದು ಹಂಚಿನ ಮನೆಯ ಪಡಸಾಲೆಯಿಂದ. ಅಲ್ಲೊಂದು ಟ್ರಂಕಿದೆ. ಅದರೊಳಗೆ ಪ್ರತಿ ಚಿತ್ರದ ಒಂದು ನಕಲನ್ನು ಟ್ರೇಸಿಂಗ್ ಕಾಗದದಲ್ಲಿ ಉಳಿಸಿಕೊಂಡಿದ್ದಾರೆ. ಅವರು ಎಂದೂ ಎಣಿಸಿದವರಲ್ಲ. ನಾನು ಕೂತು ಎಣಿಸಿದೆ. ಮುನ್ನೂರ ಎಂಬತ್ತಾರು.

ಓದಿದ್ದು ಲೋಯರ್ ಸೆಕೆಂಡರಿ. ಕೈ ಪಳಗಿದ್ದು ತಗಡಿನ ಮೇಲೆ. ತಂದೆ ಶಿವಯೋಗಪ್ಪ ದಾವಣಗೆರೆಯಲ್ಲಿ ಹತ್ತಿಯ ಮೂಟೆಗಳ ಮೇಲೆ ಮಂಡಿ ವರ್ತಕರ ಗುರುತು ಒತ್ತಲು ತಗಡಿನ ಅಚ್ಚು ಕತ್ತರಿಸಿಕೊಡುತ್ತಿದ್ದರು. ನವಿಲು, ತ್ರಿಶೂಲ, ಜೋಡಿ ಎತ್ತು, ಒಬ್ಬೊಬ್ಬರದು ಒಂದೊಂದು ಗುರುತು. ಮಗಳಿಗೆ ಹದಿನೈದು ತುಂಬುವ ಹೊತ್ತಿಗೆ ಶಿವಯೋಗಪ್ಪನವರ ಕೈ ನಡುಗಲು ಶುರುವಾಯಿತು. ಅಂದಿನಿಂದ ಅಚ್ಚು ಕತ್ತರಿಸಿದ್ದು ಮಗಳು, ಹೆಸರು ತಂದೆಯದು. ಮದುವೆಯಾಗಿ ಹರಿಹರಕ್ಕೆ ಬಂದ ಮೇಲೂ ಅದು ನಿಲ್ಲಲಿಲ್ಲ. ಗಂಡ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರು. ತಗಡುಗಳು ಅವರ ಜೊತೆ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದವು, ನವಿಲಾಗಿ ವಾಪಸು ಹೋಗುತ್ತಿದ್ದವು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಬ್ಬರು ಶಿವಯೋಗಪ್ಪನವರನ್ನು ಹುಡುಕಿಕೊಂಡು ಹೋದರು. ಹರಿಹರದ ಸೇತುವೆಯ ಕಂಬಗಳ ಬುಡದಲ್ಲಿ ಪ್ರವಾಹ ಮರಳನ್ನು ಹೇಗೆ ಕೊರೆಯುತ್ತದೆ ಎಂಬುದು ಅವರ ಸಂಶೋಧನೆ. ಕೂದಲೆಳೆಯಷ್ಟು ತೆಳು ಗೆರೆ ಎಳೆಯುವ ಕೈ ಅವರಿಗೆ ಬೇಕಿತ್ತು. ಮುದುಕರು ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರಂತೆ. "ಇವು ಎಂಟು ವರ್ಷದಿಂದ ಏನೂ ಮಾಡಿಲ್ಲ ಸಾಮಿ. ಮಾಡಿದ್ದೆಲ್ಲ ನನ್ ಮಗಳು. ಹರಿಹರಕ್ಕೆ ಹೋಗಿ ಕೇಳ್ರಿ."

ಅಧ್ಯಾಪಕರು ಹರಿಹರಕ್ಕೆ ಬಂದು ಬಾಗಿಲು ತಟ್ಟಿದಾಗ ತೆರೆದವರು ಅತ್ತೆ ಶಕುಂತಲಮ್ಮ. ಸೊಸೆಗೆ ಕಾಲೇಜಿನಿಂದ ಕೆಲಸ ಬಂದಿದೆ ಎಂದರೆ ಅವರು ನಂಬಲಿಲ್ಲ. "ನಮ್ಮನ್ಯಾಗೆ ಇಂಜಿನಿಯರ್ ಯಾರೂ ಇಲ್ಲಪ್ಪ, ಮನೆ ತಪ್ಪಿ ಬಂದೀರಿ" ಎಂದು ಬಾಗಿಲು ಮುಂದಕ್ಕೆ ಮಾಡಿದ್ದರಂತೆ. ಒಳಗಿನಿಂದ ಮಸಿ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತಾ ಮರುಳಸಿದ್ದಮ್ಮ ಬಂದರು. ಆ ವರ್ಷ ನದಿಯ ಮೂವತ್ತೊಂದು ಅಡ್ಡಸೀಳುಗಳ ನಕ್ಷೆ ಆ ಮನೆಯಿಂದ ಹೊರಟಿತು.

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ತತ್ವಶಾಸ್ತ್ರದ ಅಧ್ಯಾಪಕ ನಾಗರಾಜಪ್ಪನವರು ಷಟ್‌ಸ್ಥಲದ ಮೇಲೆ ಪ್ರಬಂಧ ಬರೆಯುತ್ತಿದ್ದರು. ಭಕ್ತನಿಂದ ಐಕ್ಯದವರೆಗಿನ ಆರು ನೆಲೆಗಳನ್ನು ಒಂದು ಏಣಿಯಂತೆ ಬರೆದುಕೊಡಬೇಕೆಂದು ಕೇಳಿದರು. ಮರುಳಸಿದ್ದಮ್ಮ ಪೆನ್ಸಿಲ್ ಹಿಡಿದು ಎರಡು ಮೆಟ್ಟಿಲು ಬರೆದರು. ಆಮೇಲೆ ಕೇಳಿದರು: "ಮ್ಯಾಲಿನ ಮೆಟ್ಲಿಗೆ ಹೋದ್ಮ್ಯಾಲೆ ಕೆಳಗಿಂದು ಬಿಟ್ಟು ಹೋಗ್ತೈತೇನ್ರಿ? ಐಕ್ಯ ಆದವ್ನು ಭಕ್ತ ಅಲ್ವೇನ್ರಿ ಹಂಗಾರೆ?"

ನಾಗರಾಜಪ್ಪನವರು ಆ ಪ್ರಶ್ನೆಯನ್ನು ಬರೆದುಕೊಂಡು ಊರಿಗೆ ಹೋದರು. ಹದಿನೈದು ದಿನ ಬಿಟ್ಟು ಬಂದು, ಏಣಿ ಬೇಡ, ಒಂದರೊಳಗೊಂದು ಬಳೆಗಳಂತೆ ಬರೆಯಿರಿ ಎಂದರು. "ಆ ಪ್ರಶ್ನೆಗೆ ನಾನು ಒಂದು ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾಯಿತು" ಎಂದು ಅವರು ನನ್ನ ಬಳಿ ನಗುತ್ತಾ ಒಪ್ಪಿಕೊಳ್ಳುತ್ತಾರೆ.

ಆದರೆ ಮರುಳಸಿದ್ದಮ್ಮನವರ ಬಗ್ಗೆ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಬೇರೆಯದೇ ಒಂದು ಸಂಗತಿಯಿಂದ.

ಎರಡು ವರ್ಷದ ಹಿಂದೆ, ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಡಾಕ್ಟರ್ ಉಮಾಮಹೇಶ್ವರಿ ಮರುಳಸಿದ್ದಮ್ಮನವರನ್ನು ಕರೆಸಿದರು. ತೋಳಿನ ರಕ್ತನಾಳಗಳ ಮೇಲೆ ಅವರ ಸಂಶೋಧನೆ. ಹೆಣಗಳ ಅರವತ್ತೆರಡು ತೋಳುಗಳನ್ನು ಕೊಯ್ದು ಪದರಪದರವಾಗಿ ಬಿಡಿಸಿ ನೋಡಬೇಕು, ಪ್ರತಿಯೊಂದರ ಚಿತ್ರ ಬೇಕು. ಮೊದಲು ಬಂದಿದ್ದ ಚಿತ್ರಗಾರ ಹೆಣಗಳ ಹಾಲ್‌ಗೆ ಕಾಲಿಟ್ಟವನು ತನ್ನ ಬಣ್ಣದ ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟು ಓಡಿದ್ದ.

ಮನೆಯಲ್ಲಿ ಶಕುಂತಲಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, "ಹೋಗಾದಾದ್ರೆ ಹೋಗು. ಬರುವಾಗ ಮುಂಬಾಗಿಲಿಗೆ ಬರಬ್ಯಾಡ" ಎಂದರು. ಮೊದಲ ದಿನ ಸಂಜೆ ಔಷಧಿಯ ಘಾಟಿಗೆ ಕಣ್ಣು ಕೆಂಪಾಗಿ ಮರುಳಸಿದ್ದಮ್ಮ ಹಿತ್ತಲಿಗೆ ಬಂದರು. ಅಲ್ಲಿ ಹಂಡೆಯಲ್ಲಿ ನೀರು ಕಾದಿತ್ತು. ಪಕ್ಕದಲ್ಲಿ ಸೀಗೆಪುಡಿ, ಒಣಗಿದ ಸೀರೆ. ಶಕುಂತಲಮ್ಮ ಬಾಗಿಲ ಒಳಗೆ ನಿಂತು ಕೇಳಿದ್ದು ಒಂದೇ ಮಾತು: "ಹೆಂಗಸರ ಹೆಣಾನೂ ಇರ್ತಾವೇನೇ? ಅವ್ಕೆ ಮ್ಯಾಲೆ ಬಟ್ಟೆ ಹೊದಿಸ್ತಾರಾ?" ಹೊದಿಸುತ್ತಾರೆ ಎಂದ ಮೇಲೆ ಅವರು ಮತ್ತೆ ತಕರಾರು ತೆಗೆಯಲಿಲ್ಲ.

ಒಂದು ತೋಳಿಗೆ ನಾಲ್ಕು ದಿನ. ದಿನಕ್ಕೆ ಆರು ಗಂಟೆ. ನೆರಳು ತೋರಿಸಲು ಬಣ್ಣವಿಲ್ಲ, ಸೂಜಿಮೊನೆಯಂಥ ನಿಬ್ಬಿನಿಂದ ಚುಕ್ಕಿಗಳು ಮಾತ್ರ. ಹದಿನೇಳನೆಯ ತೋಳಿನಲ್ಲಿ ಅವರು ಬೇರೆ ತೋಳುಗಳಲ್ಲಿ ಕಾಣದ ಒಂದನ್ನು ಕಂಡರು. ಮೊಣಕೈ ಮಡಿಸುವ ಜಾಗದಲ್ಲಿ, ಚರ್ಮದ ಕೆಳಗೇ, ದಪ್ಪ ಗೋಡೆಯ ಒಂದು ನಾಳ ಹಾದುಹೋಗಿತ್ತು. ಹೃದಯದಿಂದ ರಕ್ತ ತರುವ ಅಂಥ ನಾಳಕ್ಕೆ ಅಪಧಮನಿ ಎನ್ನುತ್ತಾರೆ. ಮುಂಗೈಗೆ ಇಳಿಯುವಾಗ ಅದು ಸಾಧಾರಣವಾಗಿ ಮಾಂಸಖಂಡದ ಅಡಿಯಲ್ಲಿರುತ್ತದೆ. ಮೇಲೆ, ಚರ್ಮದ ಕೆಳಗೆ ಇರುವುದು ಸಿರೆಗಳು. ಡಾಕ್ಟರುಗಳು ಇಂಜೆಕ್ಷನ್ನಿನ ಸೂಜಿ ಚುಚ್ಚುವುದು ಆ ಸಿರೆಗಳಿಗೆ. ಮರುಳಸಿದ್ದಮ್ಮನವರಿಗೆ ಇದೆಲ್ಲ ಆಗ ತಿಳಿದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು.

ಡಾಕ್ಟರ್ ಚಿತ್ರವನ್ನು ನೋಡಿದ್ದು ಮೂರು ದಿನವಾದ ಮೇಲೆ. ಅಷ್ಟರಲ್ಲಿ ವಿದ್ಯಾರ್ಥಿಗಳು ಆ ತೋಳನ್ನು ಇನ್ನೂ ಆಳಕ್ಕೆ ಬಿಡಿಸಿ, ಮೇಲಿನದನ್ನೆಲ್ಲ ಕತ್ತರಿಸಿ ತೆಗೆದಿದ್ದರು. ತೋರಿಸಲು ಏನೂ ಉಳಿದಿರಲಿಲ್ಲ. ಸಂಶೋಧನೆಯ ಮಾರ್ಗದರ್ಶಕರು ಚಿತ್ರಗಾರ್ತಿಯ ಕೈ ತಪ್ಪಿದೆ ಎಂದುಬಿಟ್ಟರು. ಸಿರೆಯನ್ನು ಅಪಧಮನಿಯಂತೆ ಬರೆದಿದ್ದೀರಿ, ಅಳಿಸಿ ಸರಿಮಾಡಿ ಎಂದು ಉಮಾಮಹೇಶ್ವರಿ ಹೇಳಿದರು.

"ಅಳ್ಸಕ್ಕೆ ಆಗಲ್ಲ ಅಮ್ಮಾರೆ" ಎಂದರು ಮರುಳಸಿದ್ದಮ್ಮ.

"ಯಾಕಾಗಲ್ಲ?"

"ಇದ್ದಿದ್ದನ್ನ ಬರ್ದೀನಿ. ಅದು ಇರ್ಲಿಲ್ಲ ಅಂತ ನಿಮ್ಗೆ ಗೊತ್ತಿದ್ರೆ ನೀವೇ ಅಳ್ಸ್ರಿ. ನನ್ ಕೈಲಿ ಬ್ಯಾಡ."

"ಹಾಗಾದರೆ ನಾಳೆಯಿಂದ ಬರಬೇಡಿ" ಎಂದುಬಿಟ್ಟರು ಡಾಕ್ಟರ್.

ಮರುಳಸಿದ್ದಮ್ಮ ನಿಬ್ಬು, ಮಸಿ ಕಟ್ಟಿಕೊಂಡು ಎದ್ದರು. ಗೇಟಿನವರೆಗೂ ಹೋದರು. ಅಲ್ಲಿಂದ ತಿರುಗಿ ಹಾಲ್‌ನ ಹಿಂಬಾಗಿಲಿಗೆ ಬಂದರು. "ಸಿಟ್ಟಿಗಲ್ರಿ. ನಂಗೇ ಒಂದ್ಸಲ ಅನುಮಾನ ಬಂತು. ನನ್ ಕಣ್ಣೇ ಸುಳ್ಳು ಹೇಳ್ತೇನೋ ಅಂತ. ಹಂಗಾಗಿದ್ರೆ ಇನ್ಮ್ಯಾಲೆ ಯಾವ್ ಚಿತ್ರ ಬರೀಲಿ ನಾನು?" ಎಂದು ಅವರು ಈಗ ನನಗೆ ಹೇಳುತ್ತಾರೆ.

ಹಿಂಬಾಗಿಲಲ್ಲಿ ಅಟೆಂಡರ್ ಗುತ್ತೆಪ್ಪ ಕೂತಿದ್ದ. ಹೆಣಗಳನ್ನು ತೊಳೆದು, ಔಷಧಿ ಏರಿಸಿ ಕಾಪಾಡುವುದು ಅವನ ಕೆಲಸ. ಕತ್ತರಿಸಿ ತೆಗೆದದ್ದನ್ನು ಎಲ್ಲಿ ಹಾಕುತ್ತಾರೆ ಎಂದು ಕೇಳಿದರು.

"ಎಲ್ಲೂ ಹಾಕಲ್ಲವ್ವ" ಎಂದ ಗುತ್ತೆಪ್ಪ. "ಒಂದೊಂದು ಹೆಣಕ್ಕೆ ಒಂದೊಂದು ಡಬ್ಬಿ ಇಟ್ಟೀನಿ. ಮಣ್ಣು ಮಾಡೋವಾಗ ಎಲ್ಲಾ ಸೇರ್ಸೇ ಮಣ್ಣು ಮಾಡ್ಬೇಕು. ಅವ್ರೂ ಯಾರಿಗೋ ಅಪ್ಪನೋ ಅಣ್ಣನೋ ಆಗಿದ್ದೋರಲ್ಲೇನು?"

ನಂಬರು ಬರೆದ ಡಬ್ಬಿ ಹೊರಬಂತು. ಇಬ್ಬರೂ ಕಿಟಕಿಯ ಬೆಳಕಿಗೆ ತಟ್ಟೆ ಇಟ್ಟುಕೊಂಡು ಚೂರುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಸೊಳ್ಳೆ, ನೊಣ, ಘಾಟು. ಎರಡು ಗಂಟೆಯಾದ ಮೇಲೆ ಬೆರಳುದ್ದದ ಒಂದು ತುಂಡು ಚರ್ಮಕ್ಕೆ ಅಂಟಿಕೊಂಡೇ ಸಿಕ್ಕಿತು. ಚರ್ಮದ ಮೇಲೆ ಒಂದು ಹಳೆಯ ಸುಟ್ಟ ಕಲೆಯಿತ್ತು. ಅದೂ ಚಿತ್ರದಲ್ಲಿತ್ತು. ಕಲೆಯ ಕೆಳಗಿನ ನಾಳದ ಬಾಯಿ ಗುಂಡಗೆ ತೆರೆದೇ ಇತ್ತು. ಸಿರೆಯಾಗಿದ್ದರೆ ಒದ್ದೆ ಬಟ್ಟೆಯಂತೆ ಕುಸಿದು ಬಾಯಿ ಮುಚ್ಚಿಕೊಂಡಿರುತ್ತಿತ್ತು.

ತಟ್ಟೆಯನ್ನು ಹಿಡಿದುಕೊಂಡು ಹೋಗಿ ಮೇಜಿನ ಮೇಲಿಟ್ಟರು. ಡಾಕ್ಟರ್ ಮೊದಲು ಬರಿಗಣ್ಣಿನಿಂದ, ಆಮೇಲೆ ಮಸೂರದಿಂದ ನೋಡಿದರು. ಚಿತ್ರವನ್ನು ತರಿಸಿ ತಟ್ಟೆಯ ಪಕ್ಕದಲ್ಲಿಟ್ಟು ಹೋಲಿಸಿದರಂತೆ.

"ನನಗೆ ಅವತ್ತು ಗುರುಗಳ ಭಯ ಇತ್ತು" ಎಂದು ಉಮಾಮಹೇಶ್ವರಿ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಹೀಗೂ ಇರುವುದುಂಟು ಎಂದು ದೊಡ್ಡ ಪುಸ್ತಕಗಳಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇದೆ. ನಾನೂ ಓದಿದ್ದೆ. ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ. ಕೈ ತಪ್ಪಿದ್ದು ನನ್ನದು, ಅವರದಲ್ಲ. ಅವರ ಕ್ಷಮೆ ಕೇಳಿ, ನಾಳೆಯಿಂದ ಮತ್ತೆ ಬನ್ನಿ ಎಂದೆ."

ಉಳಿದ ತೋಳುಗಳನ್ನು ಬಿಡಿಸುವಾಗ ಚರ್ಮ ತೆಗೆಯುವ ಮೊದಲ ಹಂತದಲ್ಲೇ ನಿಂತು ನೋಡಿದರು. ಐವತ್ತನೆಯ ತೋಳಿನಲ್ಲಿ ಅಂಥದೇ ನಾಳ ಮತ್ತೊಮ್ಮೆ ಸಿಕ್ಕಿತು. ಅರವತ್ತೆರಡರಲ್ಲಿ ಎರಡು. ಲೆಕ್ಕ ಸಣ್ಣದು. ಆದರೆ ಅಲ್ಲಿ ಸಿರೆ ಎಂದುಕೊಂಡು ಅಪಧಮನಿಗೆ ಕೆಲವು ಔಷಧಿಗಳನ್ನು ಚುಚ್ಚಿದರೆ ಬೆರಳುಗಳು ಕಪ್ಪಾಗಿ ಕೈಯನ್ನೇ ಕತ್ತರಿಸಬೇಕಾಗಬಹುದು. ಉಮಾಮಹೇಶ್ವರಿಯವರ ಪ್ರಬಂಧದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಮೀಸಲಾಯಿತು. ಸೂಜಿ ಹಾಕುವ ಮೊದಲು ಬೆರಳಿಟ್ಟು ನೋಡಿ, ಮಿಡಿತವಿದ್ದರೆ ಬಿಟ್ಟುಬಿಡಿ ಎಂದು ದಾದಿಯರಿಗೆ ಹೇಳಿಕೊಡುವ ಪಾಠಕ್ಕೆ ಹದಿನೇಳನೆಯ ತೋಳಿನ ಚಿತ್ರವನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ.

ಕಳೆದ ಫಾಲ್ಗುಣದಲ್ಲಿ ಭಾನುವಳ್ಳಿಯಿಂದ ಜ್ವರವೆಂದು ಆಸ್ಪತ್ರೆಗೆ ಬಂದಿದ್ದ ದ್ಯಾಮವ್ವ ಎಂಬ ಕೂಲಿ ಹೆಂಗಸಿನ ತೋಳಿಗೆ ಸೂಜಿ ಹಾಕಲು ಹೋದ ದಾದಿ, ಬೆರಳಿಗೆ ಮಿಡಿತ ಸಿಕ್ಕಿ ಕೈ ಹಿಂದಕ್ಕೆ ತೆಗೆದಳು. ದ್ಯಾಮವ್ವ ವಾಸಿಯಾಗಿ ಊರಿಗೆ ಹೋಗಿ ಭತ್ತದ ನಾಟಿಗೆ ಇಳಿದಿದ್ದಾಳೆ. ತನಗೆ ಏನು ತಪ್ಪಿತೆಂದು ಅವಳಿಗೆ ಪೂರ್ತಿ ತಿಳಿದಂತಿಲ್ಲ. ಈ ಸುದ್ದಿಯನ್ನು ಮರುಳಸಿದ್ದಮ್ಮನವರಿಗೆ ಮುಟ್ಟಿಸಿದವನು ಗುತ್ತೆಪ್ಪ. ಅದನ್ನು ಅವರು ಅತ್ತೆಗೆ ಹೇಳಿದರು. ಅಂದಿನಿಂದ ಸೊಸೆ ಮುಂಬಾಗಿಲಿನಿಂದಲೇ ಒಳಗೆ ಬರುತ್ತಾರೆ.

ಉಮಾಮಹೇಶ್ವರಿಯವರ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಎಂಬ ಪುಟವಿದೆ. ಅದರಲ್ಲಿ ಹನ್ನೆರಡು ಹೆಸರುಗಳಿವೆ, ಮರುಳಸಿದ್ದಮ್ಮನವರದಿಲ್ಲ. ಚಿತ್ರಗಾರರ ಹೆಸರು ಹಾಕುವ ಪದ್ಧತಿಯಿಲ್ಲ ಎಂದು ಮೇಲಿನವರು ತೆಗೆಸಿದರಂತೆ. ಡಾಕ್ಟರಿಗೆ ಅದರ ಬೇಸರ ಇನ್ನೂ ಇದೆ. ಮರುಳಸಿದ್ದಮ್ಮನವರಿಗೆ ಬೇಸರವಿಲ್ಲವೇ ಎಂದು ನಾನು ಎರಡು ಸಲ ಕೇಳಿದೆ.

"ಆಗಲ್ಲ ಅಂತ ಸುಳ್ಳು ಯಾಕ ಹೇಳ್ಲಿ? ಆಗ್ತೈತೆ" ಎಂದರು. "ಆದ್ರೆ ಹೆಸ್ರು ಹಾಕ್ಲಿಲ್ಲ ಅಂತ ಗೆರೆ ವಾರೆ ಎಳಿಯಕ್ಕೆ ಆಗ್ತೈತೇನ್ರಿ?"

ಮುಂದಿನ ತಿಂಗಳಿಂದ ಹೊಸ ಕೆಲಸ ಶುರುವಾಗಲಿದೆ. ಕಿವಿಯ ಒಳಗಿನ ಮೂರು ಎಲುಬುಗಳು, ಅವುಗಳಲ್ಲಿ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಕಣ್ಣು ಹಾಳಾಗುತ್ತದೆ ಎಂದು ಮನೆಯವರು ಹೇಳಿದ್ದಾರೆ. ಇವರು ಒಪ್ಪಿಕೊಂಡಾಗಿದೆ.

ಏಳುವ ಮುನ್ನ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ.

"ಆ ದಾದಿಯರ ಕ್ಲಾಸಿನಾಗೆ ಒಂದಿನ ಹಿಂದ್ಗಡೆ ಕೂರ್ಬೇಕು ಅಂತ ಐತ್ರಿ. ನಾನೇ ಬರ್ದಿದ್ದು ಅಂತ ಯಾರಿಗೂ ಹೇಳಾದು ಬ್ಯಾಡ. ಟೀಚರ್ ಇನ್ನೂ ಬಾಯಿ ಬಿಟ್ಟಿರ್ಬಾರ್ದು. ಅಷ್ಟ್ರಾಗೇ ಯಾವ್ದಾರಾ ಒಂದು ಹುಡುಗಿ ಚಿತ್ರ ನೋಡಿ ತನ್ ಮೊಣಕೈ ತಾನೇ ಮುಟ್ಟಿ ನೋಡ್ಕೋಬೇಕು. ಅದನ್ನ ನೋಡಿ ಎದ್ದು ಬರ್ತೀನಿ."