ಆಚೆ ದಂಡೆಯ ಜಾಲಿ

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಾಗ ಫೋನು ಬಂತು. ಕೈಯೆಲ್ಲ ಅಂಟು. ಸೆರಗಿಗೆ ಒರೆಸಿಕೊಂಡು ಎತ್ತಿದೆ. ಹಳೆಯ ಊರಿನ ಹಳ್ಳದ ಆಚೆ ದಂಡೆಯಲ್ಲಿದ್ದ ಅಕ್ಕನ ಮಗಳು. ನಸುಕಿನಲ್ಲಿ ಅವ್ವ ತೀರಿಕೊಂಡಳು, ನಿದ್ದೆಯಲ್ಲೇ ಹೋದಳು, ಮಧ್ಯಾಹ್ನ ಮಣ್ಣು ಕೊಟ್ಟೆವು, ಗಡಿಬಿಡಿಯಲ್ಲಿ ನಿನಗೆ ಹೇಳಲಾಗಲಿಲ್ಲ ಅಂದಳು. ಅವಳಿಗೆ ನಾಲ್ಕು ಸಮಾಧಾನದ ಮಾತು ಹೇಳಿ ಫೋನು ಇಟ್ಟೆ. ನರಳದೆ ಹೋದಳಲ್ಲ, ಅದೊಂದು ಅಲ್ಲಾಹನ ಶುಕ್ರ.

ಮತ್ತೆ ಹುಣಸೆಗೆ ಕೈ ಹಾಕಿದರೆ ಮೂಗಿಗೆ ಬಂದದ್ದು ಬೇರೆಯೇ ವಾಸನೆ. ಚೀಲದಲ್ಲಿ ತುಂಬಿಟ್ಟ ಹಣ್ಣಾದ ಜಾಲಿಕಾಯಿಯ ವಾಸನೆ... ಹಳೆಯ ಬೆಲ್ಲದಂಥ ಸಿಹಿ. ಅಕ್ಕನಿಗೆ ನಾನೊಂದು ಮಾತು ಹೇಳಬೇಕಿತ್ತು. ಹೇಳಿರಲಿಲ್ಲ.

ನಾವು ಬೆಟಗೇರಿಗೆ ಬರುವ ಮೊದಲಿನ ಮಾತು ಇದು. ನಮ್ಮ ಊರ ಅಂಚಿಗೆ ಒಂದು ಹಳ್ಳ. ಈಚೆ ಮುಂಡರಗಿ ತಾಲೂಕು, ಆಚೆ ಶಿರಹಟ್ಟಿ. ಈಚೆ ದಂಡೆಯಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ, ಆಚೆ ದಂಡೆಯಲ್ಲಿ ಅವಳು. ಅವಳ ಹೊಲ ಹಳ್ಳಕ್ಕೆ ಹತ್ತಿಕೊಂಡೇ ಇತ್ತು. ಗಂಡ ಇರಲಿಲ್ಲ, ಒಬ್ಬಳೇ ಮಗಳು, ಹಣೆ ತುಂಬ ವಿಭೂತಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನೀರು ಶಿವರಾತ್ರಿಯವರೆಗೂ ನಿಲ್ಲುತ್ತಿತ್ತು. ಆಮೇಲೆ ಬಳ್ಳಾರಿ ಜಾಲಿ ಬಂತು. ನಾಲ್ಕೈದು ವರ್ಷದಲ್ಲಿ ಎರಡೂ ದಂಡೆ ಮುಚ್ಚಿಹೋದವು. ನೀರು ಸಂಕ್ರಾಂತಿಗೇ ಬತ್ತತೊಡಗಿತು. ಹೊಂಗೆ ಒಣಗಿತು, ಹುಲ್ಲು ಹೋಯಿತು, ಕೌಜುಗದ ಕೂಗು ನಿಂತಿತು. ಹಾಡುಹಗಲಲ್ಲೇ ಒಳಗೆ ಕತ್ತಲೆ. ಹಾವಿನ ಭಯ ಒಂದು ಕಡೆ, ಮುಳ್ಳಿನ ಭಯ ಇನ್ನೊಂದು ಕಡೆ. ಆ ಮುಳ್ಳು ಮುರಿದು ಒಳಗೆ ಉಳಿದರೆ ಕೀವು ತುಂಬದೆ ಬಿಡುವುದಿಲ್ಲ. ನಾನಂತೂ ಕುರಾನಿನ ಆಯತ್ ಹೇಳಿಕೊಂಡೇ ನೀರಿಗೆ ಇಳಿಯುತ್ತಿದ್ದೆ. ನಮ್ಮಿಬ್ಬರಿಗೂ ಧ್ವನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

“ಲೇ ತಂಗಿ, ನಿನ್ನ ಮಾರಿ ನೋಡಿ ವರ್ಷಾತು. ಇದ್ದಂಗ ಅದಿಯೋ, ಮುದುಕಿ ಆದಿಯೋ?” ಎಂದು ಪೊದೆಯ ಆಚೆಯಿಂದ ಕೂಗುತ್ತಿದ್ದಳು.

ಜಾಲಿ ತೆಗೆಸಿಕೊಡಿ ಎಂದು ಕೇಳಲು ಹೋದರೆ ಈ ತಾಲೂಕಿನವರು ಹಳ್ಳ ಆ ತಾಲೂಕಿನದು ಅಂದರು, ಅವರು ಇವರದು ಅಂದರು. ಕೊನೆಗೆ ಅಕ್ಕ ತಾನೇ ಹಾರೆ ಹಿಡಿದಳು. ನನಗೂ ಒಂದೇ ಮಾತು ಹೇಳಿದಳು. “ಒಂದ ದಂಡಿ ಉಳದ್ರೂ ಎರಡೂ ಹಾಳು. ನೀ ನಿಂದು ತಗಿ, ನಾ ನಂದು ತಗೀತೇನಿ.”

ಎರಡು ಬೇಸಿಗೆ ತೆಗೆದೆವು. ನಮ್ಮ ಕಡೆಯಿಂದ ಐದು ಹೆಣ್ಣುಮಕ್ಕಳು, ಅವಳ ಕಡೆಯಿಂದ ಆರು. ಕಡಿದರೆ ಮತ್ತೆ ಹತ್ತಾಗಿ ಚಿಗುರುತ್ತದೆಂದು ಬುಡ ಅಗೆದು ಬೇರು ಸಮೇತ ಕೀಳಿಸಿದಳು. ಗುಡ್ಡದ ಬುಡದಿಂದ ಹುಲ್ಲಿನ ಬೀಜ ತಂದು ತನ್ನ ದಂಡೆಗೆ ಚೆಲ್ಲಿದಳು, ಲಕ್ಕಿ, ಹೊಂಗೆ ಗಿಡ ನೆಟ್ಟಳು. ಎರಡು ಮಳೆಗಾಲ ಕಳೆಯುವವರೆಗೆ ಯಾವ ದನವೂ ಆಡೂ ದಂಡೆ ಹತ್ತಬಾರದೆಂದು ಎಲ್ಲರಿಂದ ಮಾತು ತೆಗೆದುಕೊಂಡಳು. ನಾನೂ ಕೊಟ್ಟೆ.

ಆ ಮುಂದಿನ ಬೇಸಿಗೆ ನನ್ನ ಮೂರು ಆಡುಗಳಿಗೆ ಮೇವಿರಲಿಲ್ಲ. ರಸ್ತೆ ಬದಿಯ ಜಾಲಿಯಿಂದ ಕಾಯಿ ಆರಿಸಿ ಚೀಲಗಟ್ಟಲೆ ತಂದೆ. ಬಿಟ್ಟಿ ಮೇವು, ಆಡುಗಳು ಬೆಲ್ಲ ತಿಂದಹಾಗೆ ತಿನ್ನುತ್ತಿದ್ದವು. ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಹೋಗುತ್ತಿದ್ದಳು. ಆ ಹೊತ್ತು ನೋಡಿ ಆಡುಗಳನ್ನು ಹಳ್ಳ ದಾಟಿಸಿ ಅವಳ ಎಳೆಯ ಹುಲ್ಲಿಗೆ ಬಿಡುತ್ತಿದ್ದೆ. ಒಂದಿಷ್ಟು ಹುಲ್ಲು ತಾನೆ ಅಂದುಕೊಂಡಿದ್ದೆ...

ಮಳೆ ಬಿದ್ದ ಮೇಲೆ ಬದನೆಗಿಡಕ್ಕೆ ಹಾಕಲೆಂದು ಹಿತ್ತಲಲ್ಲಿ ಆಡಿನ ಹಿಕ್ಕೆ ಕೆದರಿದೆ. ಹಿಕ್ಕೆಹಿಕ್ಕೆಯಲ್ಲೂ ಮೊಳಕೆ. ಒಂದನ್ನು ಎತ್ತಿ ನೋಡಿದೆ, ಜಾಲಿ. ಕಾಯಿ ಕರಗಿತ್ತು, ಬೀಜ ಕರಗಿರಲಿಲ್ಲ. ಹಳ್ಳಕ್ಕೆ ಓಡಿದರೆ ಅಕ್ಕನ ದಂಡೆ ಹುಲ್ಲಿನ ನಡುವೆ ಉದ್ದಕ್ಕೂ ಸಣ್ಣ ಸಣ್ಣ ಎಲೆ. ಅವಳು ಆಗಲೇ ಕುಕ್ಕರಗಾಲಲ್ಲಿ ಕುಳಿತು ಕೀಳುತ್ತಿದ್ದಳು. ಹಳ್ಳದ ನೀರೇ ಮೇಲಿನಿಂದ ಬೀಜ ತಂದಿದೆ ಎಂದಳು. ಹೌದಕ್ಕಾ ಅಂದೆ. ಅವತ್ತಿನಿಂದ ಆಡು ದಾಟಿಸಲಿಲ್ಲ. ಹೇಳಲೂ ಇಲ್ಲ.

ಅವಳ ಜೊತೆ ನಾನೂ ಕಿತ್ತೆ. ಆದರೆ ಮನೆಕೆಲಸ ಬಿಟ್ಟು ದಿನಾ ಹೋಗಲಾಗಲಿಲ್ಲ, ಉಳಿದವು ಬೆಳೆದವು. ದೀಪಾವಳಿ ಮುಗಿದ ಮೇಲೆ ಒಂದು ದಿನ ಮುಳ್ಳು ಅವಳ ಬಲ ಅಂಗೈಗೆ ಇಳಿಯಿತು. ಸೂಜಿಯಿಂದ ತೆಗೆದು ಅರಿಶಿನ ಮೆತ್ತಿದಳು. ತುದಿ ಒಳಗೇ ಉಳಿದಿತ್ತು. ನಾಲ್ಕನೆಯ ದಿನ ಕೈ ಮೊಣಕೈಯವರೆಗೆ ಬಾತು ಕಪ್ಪಾಗಿತ್ತು. ಗದಗಿಗೆ ಒಯ್ದರು. ಕೈ ತೆಗೆಯಬೇಕಾಗಬಹುದು ಎಂಬ ಸುದ್ದಿ ಬಂತು. ಆ ಒಂಬತ್ತು ದಿನ ನಾನು ಬಾಗಿಲ ಸಪ್ಪಳಕ್ಕೆಲ್ಲ ಬೆಚ್ಚಿಬೀಳುತ್ತಿದ್ದೆ. ಊಟ ಸೇರಲಿಲ್ಲ. ಯಾ ಅಲ್ಲಾಹ್, ಕೈ ಉಳಿಸು, ಹೋಗಿ ಎಲ್ಲ ಹೇಳುತ್ತೇನೆ ಎಂದು ನಮಾಜಿನ ಚಾಪೆಯ ಮೇಲೆ ಮಾತು ಕೊಟ್ಟೆ.

ಕೈ ಉಳಿಯಿತು. ಎರಡು ಬೆರಳು ಸೆಟೆದು ನಿಂತವು. ಕುಡುಗೋಲು ಹಿಡಿಯಲು ಮತ್ತೆ ಬರಲಿಲ್ಲ. ಕೈ ಹೋಗಲಿಲ್ಲವಲ್ಲ ಎಂದು ನಾನು ಶುಕ್ರ ಮಾಡಿದೆ. ಕೊಟ್ಟ ಮಾತು ಮಾತ್ರ ನಡೆಸಲಿಲ್ಲ.

ಯಜಮಾನರಿಗೆ ಬೆಟಗೇರಿಯಲ್ಲಿ ಮಗ್ಗದ ಕೆಲಸ ಸಿಕ್ಕು ಊರು ಬಿಡುವಾಗ ಅವಳ ಮನೆಗೆ ಹೋದೆ. ದೂರ ಹೋಗುವವರು ಮಾಫಿ ಕೇಳಿ ಹೋಗುವುದು ನಮ್ಮಲ್ಲಿ ರೂಢಿ. ಅವಳು ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಂದದ್ದು ಆಡಿದ್ದು ಮಾಫ್ ಮಾಡಕ್ಕಾ ಅಂದೆ.

ಅವಳು ನಕ್ಕಳು. “ನೀ ಏನ ತಪ್ಪ ಮಾಡೀಯೇ ನನಗ? ನೆನಪಿದ್ರ ಹೇಳು, ಅದನ್ನೂ ಮಾಫ್ ಮಾಡಿಬಿಡ್ತೇನಿ.”

ಬಾಯಿತನಕ ಬಂದಿತ್ತು. ಆ ಸೆಟೆದ ಬೆರಳು ನೋಡಿದೆ.

“ಏನಿಲ್ಲಕ್ಕಾ,” ಅಂದೆ.

ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಕ್ಷಮಿಸಬೇಕು. ಸಣ್ಣವಳಿದ್ದಾಗ ಅಮ್ಮ ಕಲಿಸಿದ್ದು ಇದು. ಇವತ್ತು ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಾಗ ಇದೊಂದೇ ತಲೆಯಲ್ಲಿ. ಕೇಳಬೇಕಾದವಳು ಮಣ್ಣಿಗೆ ಹೋದಳು. ನಾಳೆ ತೀರ್ಪಿನ ದಿನ ಅಲ್ಲಾಹನ ಮುಂದೆ ನಿಂತಾಗ ಮಾಫ್ ಮಾಡಿದಳೆಂದು ಯಾರನ್ನು ತೋರಿಸಲಿ... ಸಲಾಮ್ ಹೇಳಿ ನಮಾಜು ಮುಗಿಸಿ ಎದ್ದವಳೇ ಅವಳ ಮಗಳಿಗೆ ಫೋನು ಹಚ್ಚಿದೆ. ಜಾಲಿಕಾಯಿ, ಆಡು, ಮಧ್ಯಾಹ್ನದ ಹೊತ್ತು, ಹಿಕ್ಕೆಯ ಮೊಳಕೆ, ಎಲ್ಲ ಹೇಳಿದೆ. ಅವ್ವನ ಬದಲು ನೀನಾದರೂ ಮಾಫ್ ಮಾಡು ಅಂದೆ.

“ಮಾಫ್ ಮಾಡಾಕ ನಾ ಯಾರು, ಚಿಗವ್ವಾ. ಕೈ ಕೆಟ್ಟಿದ್ದು ಅವ್ವಂದು, ನಂದಲ್ಲ,” ಅಂದಳು. ಆಮೇಲೆ, “ಈ ಮಳಿಗೂ ದಂಡಿ ಮ್ಯಾಲ ಜಾಲಿ ನಾಟ್ಯಾವು. ಬಂದು ಕಿತ್ತು ಹೋಗು.”

ಗುರುವಾರ ಬರುತ್ತೇನೆ ಅಂದೆ. ಇದು ಮಾಫಿಯಲ್ಲ, ನನಗೆ ಗೊತ್ತು. ಬೀಜ ಎಷ್ಟು ವರ್ಷ ಮಣ್ಣಿನಲ್ಲಿ ಬದುಕಿರುತ್ತದೋ ಅದೂ ಗೊತ್ತಿಲ್ಲ. ಆದರೆ ಬರಬೇಡ ಅನ್ನಲಿಲ್ಲ ಹುಡುಗಿ. ಇಷ್ಟಾದರೂ ಸಿಕ್ಕಿತಲ್ಲ ಎಂದು ಶುಕ್ರ ಮಾಡಬೇಕು ಅನಿಸಿತು, ಬಾಯಿ ಏಳಲಿಲ್ಲ. ಅಂಜಿಕೆ ಎದೆಯಲ್ಲಿ ಹಾಗೇ ಕುಳಿತಿದೆ.

ಓಣಿಯಲ್ಲಿ ನಳ ಬಂತೆಂದು ಯಾರೋ ಕೂಗಿದರು. ಎಂಟು ದಿನದ ಮೇಲೆ ಬಂದ ನೀರು. ಕೊಡ ತಿಕ್ಕಿ ತೊಳೆದು, ಹೋಗಿ ಪಾಳಿಗೆ ನಿಂತೆ.